ಪೋಲಂಡಿನ ಖಾಲಿ ತಾಟು

ತಪ್ಪೆಲ್ಲಾ ಪೋಲಂಡಿಂದ ನೋಡ್ರಿ ಅಕ್ಕೋರ! ಪೂರಾ ಪೋಲಂಡಿಂದು! ನಿನ್ನೆ ನಮ್ಮ ಸಾಲ್ಯಾಗ ಆಗಿದ್ದಕ್ಕ ನಾನೂ ಕಾರಣಲ್ಲ, ನಿಮ್ಮ ಮೊಮ್ಮಗಳು ಕೃಪಾನೂ ಕಾರಣಲ್ಲ. ಅಲ್ಲಾ, ಕ್ರಿಸ್‌ಮಸ್ಸಿನ ಊಟಕ್ಕ ಕೂಡೂಮುಂದ ಒಂದು ತಾಟು ಜಾಸ್ತಿ ಇಡೂದು ಯಾವ ಪದ್ಧತಿರಿ? ಯಾರರೆ ಹೇಳದ ಕೇಳದ ಬಂದ್ರ ಇರ್ಲಿ ಅಂತ ಖಾಲಿ ಇಡ್ತಾರಂತ ಆ ದೇಶದಾಗ! ಬರಾಂವ ಒಂದು ಫೋನರೆ ಮಾಡಿ ಬರಬಾರ್ದೇನು ಮಾರಾಯ!

ನಗಬ್ಯಾಡ್ರಿ. ನೀವು ನಕ್ರ ನನಗ ಧೈರ್ಯ ಬರ್ತದ, ಖರೆ, ಆದ್ರ ಇದು ನಗೂ ಹೊತ್ತಲ್ಲ... ಓ, ನಗಲಿಲ್ಲೇನು? ಹಿಟ್ಟು ಮೂಗಿಗೆ ಹೋಗಿತ್ತೇನು? ಆತ ಆತ. ನೀವು ಕರ್ಚಿಕಾಯಿ ತುಂಬ್ರಿ, ನನ್ನ ಸಲುವಾಗಿ ಕೈ ನಿಂದ್ರಸೂದು ಬ್ಯಾಡ. ನಾಳೆ ನಿಮ್ಮ ಹಬ್ಬ. ನಾ ಇಲ್ಲೇ ನೆಲದ ಮ್ಯಾಲೆ ಕೂಡ್ತೇನಿ. ಕುರ್ಚಿ ಬ್ಯಾಡ... ಕುರ್ಚಿ ನೀವೇನು ಕೊಡಲಿಲ್ಲ, ಹೌದು, ಕೊಟ್ರೂ ಬ್ಯಾಡ ಅಂತಿದ್ದೆ.

ಹುನಗುಂದದ ಕನ್ನಡ ಸಾಲ್ಯಾಗ ನಿಮ್ಮ ಮುಂದ ಹಿಂಗ ಗೋಣಿತಟ್ಟಿನ ಮ್ಯಾಲೆ ಕೂತು ಕಲತಾಂವ ನಾನು. ಈಗ ಪ್ರಿನ್ಸಿಪಾಲ ಆಗೇನಿ ಅಂತ ಸೊಕ್ಕು ಬಂದದ ಅಂತ ತಿಳೀಬ್ಯಾಡ್ರಿ. ಸೊಕ್ಕು ಎಲ್ಲಿಂದ ಬರಬೇಕ್ರಿ? ಇಂಟರ್‌ನ್ಯಾಶನಲ್ ಸ್ಕೂಲ್ ಅಂತ ಬೋರ್ಡಿನ ಮ್ಯಾಲೆ ಬರದದ, ನಮ್ಮ ಬಸ್ಸು ಇಲ್ಲೇ ಬಾಜೂದ ಕಮತಗಿ ದಾಟಿ ಹೋಗೂದಿಲ್ಲ.

ಸಾಲಿ ವಾರ್ಷಿಕೋತ್ಸವದ ಈ ಗ್ಯಾದರಿಂಗ್ ಹುಚ್ಚು ನಂದಲ್ರಿ, ಚೇರಮನ್ರದು. ಬಾಗಲಕೋಟಿ ಸಾಲಿಯವರು ಬರೇ ಒಂದು ಸಾಂತಾ ಕುಣಸ್ಯಾರ, ನಾವು ಇಡೀ ಜಗತ್ತಿನ ಕ್ರಿಸ್‌ಮಸ್ ಕುಣಸೂಣು ಅಂದ್ರು. ಒಂದೊಂದು ಕ್ಲಾಸಿಗೆ ಒಂದೊಂದು ದೇಶ. ಎಲ್‌ಕೆಜಿ ಹುಡುಗೂರಿಗೆ ನಾರ್ವೆ. ಬರ್ಫ ಎಲ್ಲಿಂದ ತರೂದು ಈ ಊರಾಗ? ಜ್ವಾಳದ ಅಳ್ಳು ಉಗ್ಗಿದ್ವಿ. ಪಡದೆ ಸರಿಯೂದ್ರಾಗ ಅರ್ಧಾ ನಾರ್ವೆ ತಿಂದು ಮುಗಿಸಿದ್ವು! ಸ್ವೀಡನ್ನಿನ ಹುಡುಗಿ ತಲಿ ಮ್ಯಾಲೆ ದೀಪಾ ಇಟಗೊಂಡು ಬಂದ್ರ, ಹಿಂದ ಕೂತ ಹೆಣ್ಮಕ್ಕಳು ಯಾವ ದೇವಿ, ಯಾವ ದೇವಿ ಅನಕೋತ ಕೈ ಮುಗದ್ರು. ಜಪಾನದಾಗ ಕ್ರಿಸ್‌ಮಸ್ಸಿಗೆ ಕರದ ಕೋಳಿ ತಿಂತಾರಂತ. ನಮ್ಮ ಕಮಿಟಿಯವರು ಶುದ್ಧ ಶಾಕಾಹಾರಿ. ಜಪಾನದ ಕೈಯಾಗ ಮಿರ್ಚಿ ಭಜಿ ಹಿಡಿಸಿದ್ವಿ. ಮೆಕ್ಸಿಕೋದವರು ಕಣ್ಣು ಕಟಗೊಂಡು ಗಡಿಗಿ ಒಡೀತಾರ ಅಂದ್ರು. ಒಡದ ಕೂಡ್ಲೆ ನಮ್ಮ ಹುಡುಗೂರು ಗೋವಿಂದಾ ಗೋವಿಂದ ಅಂತ ಒದರಿದ್ವು. ಏನ ಮಾಡ್ತೀರಿ!

ಇದನ್ನೆಲ್ಲಾ ಹುಡುಕಿ ಬರದಾಕಿ ನಮ್ಮ ತಬಸುಮ ಟೀಚರ್. ಛಲೋ ಹುಡುಗಿ, ಆದ್ರ ಪ್ರಶ್ನೆ ಭಾಳ. "ಸರ್, ನಮ್ಮ ಸಾಲ್ಯಾಗ ಖರೇನ ಈ ಹಬ್ಬ ಮಾಡೂ ಮನಿ ಕೃಪಾಂದೊಂದ ಅದ. ಅವರ ಅಜ್ಜಿನ್ನ ಕರದು ಕೇಳೂಣೇನ್ರಿ?" ಅಂದ್ಲು. ನಾ ಅಂದೆ, ಅವರ ಮನ್ಯಾಗ ಏನದವಾ? ಕರ್ಚಿಕಾಯಿ, ಚಕ್ಕಲಿ, ಇಳಕಲ್ಲ ಸೀರಿ, ಗುಳೇದಗುಡ್ಡದ ಖಣದ ಕುಬಸ, ಪೇಟಿ-ತಬಲಾ ತೊಗೊಂಡು ಮನಿಮನಿಗೆ ಹೋಗಿ ಹಾಡೂದು. ಇದನ್ನ ಸ್ಟೇಜಿನ ಮ್ಯಾಲೆ ತಂದ್ರ ಮಂದಿ ದೀಪಾವಳಿ ಅಂತ ತಿಳೀತಾರ. ಕ್ರಿಸ್‌ಮಸ್ಸು ಕ್ರಿಸ್‌ಮಸ್ಸಿನಂಗ ಕಾಣಬೇಕೋ ಬ್ಯಾಡೋ?

ಯಾಕ್ರಿ ಹಂಗ ನೋಡ್ತೀರಿ? ಮಾತಿಗೆ ಹೇಳಿದೆ. ನಿಮ್ಮ ಹಬ್ಬಕ್ಕ ಹೆಸರಿಟ್ಟೆ ಅಂತ ತಿಳೀಬ್ಯಾಡ್ರಿ.

ಇರ್ಲಿ. ಪೋಲಂಡು ಐದನೇ ಕ್ಲಾಸಿಗೆ ಬಂತು. ಅಲ್ಲಿ ಊಟದ ಟೇಬಲ್ಲಿನ ಬಟ್ಟಿ ಕೆಳಗ ಒಣಾ ಹುಲ್ಲು ಹಾಸ್ತಾರಂತ. ನಾವು ಜ್ವಾಳದ ಕಣಿಕಿ ತರಿಸಿ ಹಾಸಿದ್ವಿ. ಮನಿ ಯಜಮಾನ್ತಿ ಪಾರ್ಟು ಕೃಪಾಗ. ನಾನ ಕೊಡಿಸಿದ್ದು! ಬಾಗಲಾ ಬಡಿಯೂ ಅತಿಥಿ ಚೇರಮನ್ರ ಮೊಮ್ಮಗ ಸಂಕೇತ, ಕೋಟು ಹಾಕ್ಕೊಂಡು, ಬೆವತು ನೀರಾಗಿ ನಿಂತಾನ ಪಾಪ. ಕೃಪಾ ಬಾಗಲಾ ತಗದು ಇಂಗ್ಲೀಷಿನ್ಯಾಗ, ಬರ್ರಿ, ನಿಮಗ ನಮ್ಮ ಮನ್ಯಾಗ ಯಾವಾಗೂ ಜಾಗಾ ಅದ, ಅನ್ನಬೇಕು. ಅಷ್ಟ! ಒಂದ ಸಾಲು! ಆ ಹುಡುಗಿ ಏನಂದ್ಲು? ಅಚ್ಚ ಕನ್ನಡದಾಗ, ಮೈಕಿನ್ಯಾಗ! "ಈ ತಾಟು ನಿನಗಲ್ಲ. ನಮ್ಮಜ್ಜಿ ಗೇಟಿನ ಹೊರಗ ನಿಂತಾಳ. ಆಕಿ ಒಳಗ ಬರೂತನಕಾ ಇಲ್ಲಿ ಯಾರೂ ಉಣ್ಣೂಹಂಗಿಲ್ಲ." ಹಂಗಂದು ಬಾಗಲಾ ಹಾಕಿಬಿಟ್ಲು! ಚೇರಮನ್ರ ಮೊಮ್ಮಗನ ಮಾರಿ ಮ್ಯಾಲೆ!

 ಯಾವನೋ ಹಿಂದಿನಿಂದ ಸೀಟಿ ಹೊಡದ, ಮುಗೀತು ಕಥಿ. ಎಲ್ಲಾರ ಕೈಯಾಗೂ ಮೊಬೈಲ. ಬೆಳಗಾಗೂದ್ರಾಗ ಇಳಕಲ್ಲ, ಬಾದಾಮಿ, ಬಾಗಲಕೋಟಿ, ಎಲ್ಲಾ ಕಡೆ ನಮ್ಮ ಪೋಲಂಡ! ರಾಮಥಾಳದಿಂದ ನಮ್ಮ ಮಾವನವರು ಆ ವಿಡಿಯೋ ನನಗ ಕಳಿಸ್ಯಾರ, ಕೆಳಗ ಕೈ ಮುಗಿಯೂ ಚಿತ್ರಾ ಹಾಕಿ. ಅಳಿಯಾಗ ಕೈ ಮುಗಿಯೂ ಮಾವ ಎಲ್ಲಿರೆ ಕಂಡೀರೇನು?

ಚೇರಮನ್ರು ಮುಂಜಾನೆ ಕರದು ಒಂದ ಮಾತು ಕೇಳಿದ್ರು, ಆ ಅಜ್ಜಿನ್ನ ಹೊರಗ ನಿಂದ್ರಿಸಿದಾಂವ ಯಾರು? ನಾ ಹೇಳಿದೆ, ವಾಚಮನ್ ಅಮಾತೆಪ್ಪ. ಹೌದಲ್ರಿ, ಗೇಟು ಕಾಯಾಂವ ಅಂವ. ನಿಂತ ಕಾಲ ಮ್ಯಾಲೆ ಅಂವನ್ನ ಕೆಲಸದಿಂದ ಬಿಡಿಸಿದ್ರು. "ಅದನ್ನ ಆ ಅಜ್ಜಿ ಬಾಯಿಲೆ ಹೇಳಿಸಿ ವಿಡಿಯೋ ತೊಗೊಂಡ ಬಾ, ಸಂಜಿ ಒಳಗ. ಇಲ್ಲಾ ಅಂದ್ರ ನೀನೂ ಅಂವನ ಹಿಂದ ನಡಿ" ಅಂದ್ರು. ಅದಕ್ಕ ಬಂದೇನ್ರಿ. ಮುಚ್ಚಿಡೂದೇನದ ನಿಮ್ಮ ಮುಂದ? ನನ್ನ ನೌಕರಿ ನಿಮ್ಮ ನಾಲಿಗಿ ಮ್ಯಾಲೆ ಅದ. ಭಾಳೇನಿಲ್ಲ. ವಾಚಮನ್ನಗ ತಿಳೀಲಿಲ್ಲ, ಪ್ರಿನ್ಸಿಪಾಲರದು ಏನೂ ತಪ್ಪಿಲ್ಲ. ಇಷ್ಟ ಅನ್ರಿ. ನಾ ಮೊಬೈಲ ಹಿಡೀತೇನಿ.

ಅನ್ನೂದಿಲ್ಲೇನು?

ಅಮಾತೆಪ್ಪನ ಚಿಂತಿ ಮಾಡಬ್ಯಾಡ್ರಿ. ಅಂವಗ ಎಲ್ಲೆರೆ ಕೆಲಸ ಸಿಗ್ತದ. ಹೆಂಡ್ತಿ ಶಾರವ್ವನೂ ನಮ್ಮ ಸಾಲ್ಯಾಗ ದುಡೀತಾಳ, ಮನಿ ನಡೀತದ... ಇಲ್ಲ, ಆಕಿನ್ನೂ ಬಿಡಿಸ್ಯಾರ. ಅದು ಬ್ಯಾರೆ ಮಾತು. ನಾ ಏನ ಹೇಳಲಿಕ್ಕತ್ತಿದ್ದೆ? ಹಾಂ, ಅಂವಗ ತಿಳೀಲಿಲ್ಲ ಅಂತ. ಹ್ಯಾಂಗ ತಿಳೀಬೇಕ್ರಿ? ನಿಮ್ಮ ಮಗಳಿಗೆ ಬಾದಾಮಿ ದವಾಖಾನ್ಯಾಗ ಡ್ಯೂಟಿ ಇತ್ತು, ಆಕಿ ಬದಲಿ ನೀವು ಬಂದ್ರಿ. ಹಸರ ಇಳಕಲ್ಲ ಸೀರಿ ಉಟ್ಟು, ಕಂಕಳಾಗ ಸ್ಟೀಲಿನ ಡಬ್ಬಿ ಹಿಡದು ಬಂದ್ರ, ಏನೋ ಮಾರಲಿಕ್ಕೆ ಬಂದಾರ ಅಂತ ತಿಳದಾನ ಅಂವ. ಮ್ಯಾಲೆ ನೀವು ಚಷ್ಮಾ ತಗದು ಸೆರಗಿಲೆ ಒರಿಸಿಕೋತ, ಬಿಸಿಲಿಗೆ ಕಣ್ಣು ಸಣ್ಣ ಮಾಡಿ ಒಳಗ ನೋಡಿಕೋತ...

ಏನ್ರಿ? ಕೈ ಯಾಕ ನಿಂತ್ವು?

ನನಗ ಹ್ಯಾಂಗ ಗೊತ್ತಂತ ಕೇಳ್ತೀರೇನು? ಕೇಳಲಿಲ್ಲ, ನೀವೇನೂ ಕೇಳಲಿಲ್ಲ, ಖರೆ. ಅಮಾತೆಪ್ಪ ಹೇಳಿದ. ಹಾಂ, ಅಂವನ ಹೇಳಿದ. ನಾ ಆವಾಗ ಸ್ಟೇಜಿನ ಹಿಂದ ಸಾಂತಾನ ಗಡ್ಡ ಅಂಟಸಲಿಕ್ಕತ್ತಿದ್ದೆ. ಅದು ಅಂಟವಲ್ಲದು, ಹುಡುಗ ಅಳಲಿಕ್ಕತ್ತಾನ, ಡಿಂಕಿನ ಅಂಟು ಬಾಯಾಗ ಹೋಗ್ಯದ... ಅಕ್ಕೋರ, ಹಂಗ ನೋಡಬ್ಯಾಡ್ರಿ. ಮಗ್ಗಿ ತಪ್ಪಿದಾಗ ಹಿಂಗ ನೋಡ್ತಿದ್ರಿ. ಹೊಡೀತಿದ್ದಿಲ್ಲ, ಬೈತಿದ್ದಿಲ್ಲ, ಸುಮ್ಮನ ನೋಡ್ತಿದ್ರಿ. ಹೊಡತಾನ ಬೇಷಿತ್ತು! ಏನರೆ ಅನ್ರಿ! ಕೃಪಾ ಏನರೆ ಹೇಳ್ಯಾಳೇನು? ಹುಡುಗೂರಿಗೆ ಬಣ್ಣಾ ಬಳಿಯೂ ಖೋಲಿ ಕಿಡಕಿ ಗೇಟಿನ ಕಡೇನ ಅದ... ಆಕಿ ಅಲ್ಲಿ ನಿಂತು ನೋಡ್ಯಾಳೇನು? ನನ್ನ ನೋಡ್ಯಾಳೇನ್ರಿ?

ಆತು! ಇದ್ದೆ! ಗೇಟಿನ್ಯಾಗ ಇದ್ದೆ ನಾನು! ನಿಮ್ಮ ಮುಂದನ ಇದ್ದೆ, ಗೇಟಿನ ಕಬ್ಬಿಣದ ಸಳಿ ಅಷ್ಟ ನಡುವ. ಬೆಂಗಳೂರಿನ ಸಾಹೇಬ್ರು ಆಗ ಕಾರಿನಿಂದ ಇಳದಿದ್ರು, ನಮ್ಮ ಮುಖ್ಯ ಅತಿಥಿ. ಅವರಿಗೆ ನಾ ಏನ ಹೇಳಿದ್ದೆ ಗೊತ್ತದೇನು? ಬೆಳಗಾಂವಿ ಕಾನ್ವೆಂಟಿನ್ಯಾಗ ಕಲತಾಂವ ಅಂತ! ಅವರ ಮುಂದ ನೀವು ಬಂದು, ಲೇ ಪಂಢ್ಯಾ, ಅಂಗಿ ಗುಂಡಿ ಹಾಕ್ಕೊಳಲೇ, ಅಂದ್ರ ನನ್ನ ಗತಿ? ಹೋದ ವರ್ಷದ ಗ್ಯಾದರಿಂಗಿನ್ಯಾಗ ಎಲ್ಲಾರ ಮುಂದ ಅಂದಿರಿಲ್ಲೋ? ವರ್ಷಪೂರ್ತಿ ಎಂಟನೇ ಕ್ಲಾಸಿನ ಹುಡುಗೂರು ನನ್ನ ಬೆನ್ನ ಹಿಂದ ಪಂಢ್ಯಾ ಪಂಢ್ಯಾ ಅಂತಾವ್ರಿ! ಪ್ರಿನ್ಸಿಪಾಲ ಪಂಢರೀನಾಥ ಅಂತ ನಾ ಬಾಗಲಕ್ಕ ಹಿತ್ತಾಳಿ ಪಾಟಿ ಬಡಸೇನಿ, ಇವು ಹಿಂಗಂತಾವ!

ನಿನ್ನೇನೂ ಕರದ್ರಿ. ಸಳಿ ಹಿಡಕೊಂಡು, ನಕ್ಕೋತ, ಪಂಢ್ಯಾ ಅಂತ ಕರದ್ರಿ. ಕೇಳಿಸ್ತು. ಸಾಹೇಬ್ರು ಯಾರವರು ಅಂದ್ರು. ನಾ ಅಂದೆ... ನಿಮ್ಮ ಮಾರಿ ನೋಡಿ ಅಂದೆ... ಗೊತ್ತಿಲ್ಲ. ಅಮಾತೆಪ್ಪ ಅಂದ, "ಸರ್, ಅಕ್ಕೋರ್ರಿ. ನಮಗೂ ಕಲಿಸ್ಯಾರಲ್ರಿ." ನನಗ ಗೊತ್ತಿಲ್ಲ ಅಂದೆ. ಅಂವ ಮತ್ತ ಬಾಯಿ ತಗದ. ಗೊತ್ತಿಲ್ಲ ಅಂದೆನಲ್ಲಲೇ, ಹೊರಗ ನಿಂದ್ರಸು ಅಂತ ಬೈದೆ. ನೀವು ಡಬ್ಬಿ ಕೆಳಗಿಟ್ಟು ನಿಂತ್ರಿ. ನಾ ತಿರುಗಿ ನಡದೆ. ಭಾಳ ಕೆಟ್ಟ ಅನಸ್ತದ್ರಿ ಅಕ್ಕೋರ, ದೇವರಾಣಿ ಭಾಳ ಕೆಟ್ಟ ಅನಸ್ತದ.

ಹೂಂ. ಹೇಳಿಬಿಟ್ಟೆ. ಹಗೂರ ಆತು ನೋಡ್ರಿ. ಇದು ನಿಮ್ಮ ನಮ್ಮೊಳಗ ಇರ್ಲಿ. ನೀವು ಕ್ಷಮಾ ಮಾಡೂ ಮಂದಿ, ನಿಮ್ಮ ಧರ್ಮದಾಗ ಅದ ದೊಡ್ಡದಲ್ರಿ? ಅಮಾತೆಪ್ಪನ್ನ ಯುಗಾದಿ ಆದ ಮ್ಯಾಲೆ ಸುಮ್ಮನ ತಿರುಗಿ ಕರಕೊಂಡ್ರಾತು. ಮಂದಿ ಅಷ್ಟೊತ್ತಿಗೆ ಎಲ್ಲಾ ಮರ್ತಿರ್ತಾರ. ಈಗ ಲಗೂ ವಿಡಿಯೋ ಮಾಡಿಬಿಡೂಣು. ಸೆರಗು ಝಾಡಸ್ರಿ, ಹಿಟ್ಟು ಹತ್ಯದ. ಹಾಂ, ಇಲ್ಲಿ ನೋಡ್ರಿ, ಇಲ್ಲಿ... ಅನ್ರಿ. ವಾಚಮನ್ನಗ ತಿಳೀಲಿಲ್ಲ...

ಅಕ್ಕೋರ?

ಯಾಕ ಎದ್ರಿ? ಬಾಗಲಾ ಯಾಕ ತಗೀತೀರಿ? ಹೋಗು ಅಂತೀರೇನು? ಹೋಗ್ತೇನಿ. ಆದ್ರ ಬೈದು ಕಳಿಸ್ರಿ. ನಾಚಿಕಿ ಇಲ್ಲೇನಲೇ ಅಂತ ಕಪಾಳಕ್ಕ ಹೊಡದು ಕಳಿಸ್ರಿ, ಹಿಂಗ ಸುಮ್ಮನ... ಏನಂದ್ರಿ?

ಏನಂದ್ರಿ?

ಹೋಗಿ ಬರ್ರಿ ಸರ್?

ಸರ್ ಅಂದ್ರೇನ್ರಿ? ನನಗ? ಅಕ್ಕೋರ, ಹಂಗನಬ್ಯಾಡ್ರಿ. ಕೈ ಯಾಕ ಮುಗೀತೀರಿ, ಬ್ಯಾಡ್ರಿ... ಇಲ್ಲಿ ಯಾರೂ ಇಲ್ಲ, ಓಣ್ಯಾಗ ಯಾರೂ ಇಲ್ಲ... ಇದ್ರೂ ಇರ್ಲಿ, ಕೇಳಿದ್ರ ಕೇಳವಲ್ಲರ‍್ಯಾಕ! ಪಂಢ್ಯಾ ಅನ್ರಿ. ಒಮ್ಮೆ ಅನ್ರಿ ಅಕ್ಕೋರ.