ನಿದ್ದೆ ಬಾರದ ಎಲಿ

ದೀಪ ಸ್ವಲ್ಪ ಸಣ್ಣಗೆ ಮಾಡಿ... ಇದು ನಮ್ಮ ಹೊಳೆಯಾಚೆ ತೋಟದ ಜೂಡಿತ್‌ಗೆ ಆದದ್ದು. ಈ ಆಫ್ರಿಕಾದ ತುದಿಗೆ ಬರುವ ಮುಂಚೆ, ಅವಳಿನ್ನೂ ಫ್ರಾನ್ಸಿನಲ್ಲಿದ್ದಾಗ.

ಆ ರಾತ್ರಿ ಅವಳು ಕಲ್ಲುಗಣಿಯಿಂದ ಒಬ್ಬಳೇ ಮನೆಗೆ ಬರುತ್ತಿದ್ದಳು. ರಾಜನ ಮತ ಒಂದು, ನಮ್ಮದು ಇನ್ನೊಂದು. ನಮ್ಮ ಪ್ರಾರ್ಥನೆಯ ಮನೆ ಕೆಡವಿ ವರ್ಷವಾಗಿತ್ತು. ಕದ್ದು ಕೂಡುವುದು ಗಣಿಯಲ್ಲೇ. ಕೈಯಲ್ಲಿ ಲಾಟೀನಿಲ್ಲ. ಬೆಳಕು ಕಂಡರೆ ಮುಗಿಯಿತು. ದ್ರಾಕ್ಷಿತೋಟ ದಾಟಿದರೆ ಬಾವಿ. ಬಾವಿಯ ಪಕ್ಕ ಅಕ್ರೋಟಿನ ಮರ. ಅದರ ಬುಡದಲ್ಲಿ ಹೂಳಿದ್ದು ಅವಳ ಅಪ್ಪನನ್ನು, ಮುದುಕ ಎಲಿಯನ್ನು. ಊರ ಸ್ಮಶಾನದಲ್ಲಿ ನಮ್ಮವರಿಗೆ ಆರಡಿ ಜಾಗವನ್ನೂ ಕೊಡುತ್ತಿರಲಿಲ್ಲ.

ಮುದುಕ ಸತ್ತ ರೀತಿ ಕೇಳಿ. ಮತ ಬಿಟ್ಟೆ ಎಂದು ಕಾಗದಕ್ಕೆ ಸಹಿ ಹಾಕಲಿ ಅಂತ ನಾಲ್ವರು ಸಿಪಾಯಿಗಳು ಅವನ ಮನೆಯಲ್ಲೇ ಬಿಡಾರ ಹೂಡಿದರು. ಕೈ ಮಾಡಲಿಲ್ಲ. ನಿದ್ದೆ ಮಾಡಲು ಬಿಡಲಿಲ್ಲ. ಸರದಿಯ ಮೇಲೆ ಹಾಸಿಗೆಯ ಪಕ್ಕ ಕೂತು ಡೋಲು ಬಾರಿಸಿದರು. ಡಬ್... ಡಬ್ ಡಬ್... ರೆಪ್ಪೆ ಬಾಗಿತೋ, ಡಬ್. ಆರು ಹಗಲು, ಆರು ರಾತ್ರಿ. ಏಳನೆಯ ಬೆಳಗ್ಗೆ ಮುದುಕ ಕಣ್ಣು ತೆರೆದುಕೊಂಡೇ ಹೋದ. ಸಹಿ ಹಾಕಿರಲಿಲ್ಲ. ಜೂಡಿತ್ ಎಷ್ಟು ಒತ್ತಿದರೂ ಆ ರೆಪ್ಪೆಗಳು ಮುಚ್ಚಲಿಲ್ಲ.

ಅಲ್ಲಿಂದಾಚೆ ಮನೆಯಲ್ಲಿ ದೇಶ ಬಿಡುವ ಮಾತು. ಗಂಡ ಮತ್ಯೂಗೆ ಅದು ಮೊದಲೇ ಬೇಕಿತ್ತು. ಅವನು ಮೂರನೆಯ ಮಗ; ಅಪ್ಪನ ತೋಟವೆಲ್ಲ ದೊಡ್ಡಣ್ಣನ ಪಾಲಾಗಿತ್ತು. ಆಫ್ರಿಕಾದ ತುದಿಯಲ್ಲಿ ಡಚ್ಚರು ಉಳುವಷ್ಟು ನೆಲ ಕೊಡುತ್ತಾರಂತೆ ಎಂದು ಯಾರೋ ಹೇಳಿದ್ದನ್ನೇ ದಿನಾ ಹೇಳುತ್ತಿದ್ದ. ಈಗಲೂ ಯಾಕೆ ಬಂದೆ ಅಂದರೆ ನೆಲಕ್ಕೆ ಬಂದೆ ಅಂತಾನೆ.

"ಕೊಡೋದಕ್ಕೆ ಅದೇನು ಅವರಪ್ಪನ ನೆಲಾನಾ?" ಅನ್ನುತ್ತಿದ್ದಳು ಜೂಡಿತ್.

ಅಪ್ಪನನ್ನು ಬಾವಿಯ ಹತ್ತಿರ ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ. ಇರುವಂತೆಯೂ ಇಲ್ಲ. ಮಗಳು ಎಸ್ತರ್‌ಗೆ ಐದು ತುಂಬಿತ್ತು. ಐದಾದ ನಮ್ಮ ಮಕ್ಕಳನ್ನು ಕನ್ಯಾಮಠಕ್ಕೆ ಒಯ್ದು ರಾಜನ ಮತದಲ್ಲಿ ಬೆಳೆಸಬೇಕೆಂದು ಅಪ್ಪಣೆ. ಸೋಮವಾರ ಬರುತ್ತೇವೆ ಅಂದಿದ್ದರು. ಅವತ್ತು ಶನಿವಾರ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಬಾವಿ ಹತ್ತಿರ ಬಂತು.

ರಾಟೆ ಕಿರ್ರ್... ಅಂದಿತು. ಗಾಳಿ ಇರಲಿಲ್ಲ. ಮತ್ತೆ ಕಿರ್ರ್... ಆಮೇಲೆ ನೀರಿಗೆ ಏನೋ ಇಳಿದ ಸದ್ದು. ದುಬುಕ್.

ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಬರಿಗಾಲು. ಮೊಣಕಾಲವರೆಗಿನ ಅಂಗಿ. ಬೆನ್ನು ಮಾತ್ರ ಕಾಣುತ್ತಿತ್ತು. ಮಗಳಿಗೆ ಬೆನ್ನು ಸಾಲದೇ?

"ಯಾಕವ್ವಾ... ಇನ್ನೂ ಇಲ್ಲೇ ಇದೀಯಾ?" ಪಿಸುದನಿ.

ಅವಳು ಅಲ್ಲೇ ನಿಂತು ಕೇಳಿದಳು, "ನಿನ್ನ ಬಿಟ್ಟು ಹೆಂಗೆ ಹೋಗ್ಲಪ್ಪಾ?"

"ನಂಗೆ ಹೆಂಗೂ ನಿದ್ದೆ ಬರಲ್ಲ. ನಾನು ಎದ್ದಿರ್ತೀನಿ. ನೀವು ನಡೀರಿ... ಇವತ್ತೇ."

ಅವನು ತಿರುಗಲಿಲ್ಲ. ಅವಳೂ ಮುಂದೆ ಹೋಗಿ ಮುಖ ನೋಡಲಿಲ್ಲ. ಆ ಕಣ್ಣು ನೋಡುವ ಧೈರ್ಯ ಬರಲಿಲ್ಲವಂತೆ.

ಮನೆಗೆ ಓಡಿ ಗಂಡನನ್ನು ಎಬ್ಬಿಸಿದಳು. ಹೊರಡು ಅಂದಳು. ಅವಳ ಮುಖ ನೋಡಿ ಅವನು ಜೋಡು ಮೆಟ್ಟಿಕೊಂಡ. ಒಂದು ರೊಟ್ಟಿ, ಒಂದು ತುಂಡು ಚೀಸು, ಹಿಟ್ಟಿನೊಳಗೆ ಬಚ್ಚಿಟ್ಟಿದ್ದ ಬೈಬಲು. ಎಸ್ತರ್ ಗಾಢ ನಿದ್ದೆಯಲ್ಲಿದ್ದಳು. ಮಗುವಿನ ಪಾದಗಳಿಗೆ ಒಗೆದ ಬಿಳಿ ಉಣ್ಣೆ ಬಟ್ಟೆ ಸುತ್ತಿ, ಗಂಟು ಹಾಕಿ, ದ್ರಾಕ್ಷಿ ಹೊರುವ ಬುಟ್ಟಿಯಲ್ಲಿ ಕೂರಿಸಿ ಮತ್ಯೂನ ಬೆನ್ನಿಗೇರಿಸಿದಳು.

ಸೇತುವೆಯ ಮೇಲೆ ಮೂವರು ಸಿಪಾಯಿಗಳ ಕಾವಲು. ಇವರು ಪೊದೆಯಲ್ಲಿ ಉಸಿರು ಬಿಗಿಹಿಡಿದು ಕೂತರು. ದೇಶ ಬಿಡುವಾಗ ಸಿಕ್ಕಿಬಿದ್ದ ಗಂಡಸನ್ನು ರಾಜನ ಹಡಗಿನಲ್ಲಿ ಸರಪಳಿ ಹಾಕಿ, ಸಾಯುವ ತನಕ ಹುಟ್ಟು ಹಾಕಿಸುತ್ತಿದ್ದರು.

ಆಗ ಹಿಂದಿನಿಂದ... ಅವರು ಬಿಟ್ಟುಬಂದ ಮನೆಯ ಕಡೆಯಿಂದ... ಡಬ್. ಡಬ್ ಡಬ್.

"ಡೋಲು ಇಲ್ಲೇ ಇದೆಯಲ್ಲೋ," ಅಂದ ಒಬ್ಬ ಸಿಪಾಯಿ, ಮೆಲ್ಲಗೆ. "ಅದ್ಯಾವನು ಬಾರಿಸ್ತಿರೋದು?"

ಮೂವರೂ ಆ ಕಡೆ ಓಡಿದರು. ಇವರು ಸೇತುವೆ ದಾಟಿದರು. ಎರಡು ಗುಡ್ಡ ಹತ್ತಿಳಿದ ಮೇಲೂ ಆ ಸದ್ದು ಕೇಳುತ್ತಲೇ ಇತ್ತಂತೆ.

ಬೆಳಗ್ಗೆ ಯಾರದೋ ಕೊಟ್ಟಿಗೆಯ ಹುಲ್ಲಿನಲ್ಲಿ ಅಡಗಿದರು. ಎಸ್ತರ್ ರಾತ್ರಿಯಿಡೀ ಬುಟ್ಟಿಯಿಂದ ಇಳಿದಿರಲಿಲ್ಲ, ಎಚ್ಚರವೂ ಆಗಿರಲಿಲ್ಲ. ಜೂಡಿತ್ ತಾನು ಹಾಕಿದ ಗಂಟನ್ನು ತಾನೇ ಬಿಚ್ಚಿದಳು. ಬಟ್ಟೆ ಒಳಗೂ ಹೊರಗೂ ಬೆಳ್ಳಗಿತ್ತು. ಮಗುವಿನ ಎರಡೂ ಅಂಗಾಲಿಗೆ ಹಸಿ ಮಣ್ಣು ಮೆತ್ತಿತ್ತು... ಬೆರಳ ಸಂದಿಯಲ್ಲೂ, ಬಾವಿಯ ಪಕ್ಕದ ಆ ಅಕ್ರೋಟಿನ ಎಲೆಯ ಚೂರಿನ ಜೊತೆ.

ಜೂಡಿತ್ ಸುಳ್ಳು ಹೇಳುವ ಹೆಂಗಸಲ್ಲ. ನಂಬಿಕೆ ಬರದಿದ್ದರೆ ನಾಳೆ ಹೋಗಿ ಮತ್ಯೂನನ್ನೇ ಕೇಳಿ. ಆ ಕಾಲು ತೊಳೆದದ್ದು ಅವನು. ಎರಡು ಸಲ ನೀರು ಬದಲಾಯಿಸಬೇಕಾಯಿತಂತೆ.