ಭಾವನ ಮೋಟಾರಿನ ಹಲ್ಲು

ಈ ಹೊಳೆಯ ಎರಡೂ ದಡದ ದೆವ್ವಗಳು ನನ್ನನ್ನು ಕಂಡರೆ ಎದ್ದು ನಿಂತು ದಾರಿ ಬಿಡುತ್ತವೆ ಕಣಯ್ಯಾ... ಸುಳ್ಳು. ರಾತ್ರಿ ಹಿತ್ತಿಲಿಗೆ ಹೋಗಬೇಕಾದರೂ ಹೆಂಡತಿಯನ್ನು ಎಬ್ಬಿಸಿ ಬಾಗಿಲಲ್ಲಿ ನಿಲ್ಲಿಸುವ ಪೈಕಿ ನಾನು. ಆದರೆ ಈಗ ಹೇಳುವುದು ನನ್ನ ಪರಾಕ್ರಮವಲ್ಲ, ಪಕ್ಕದ ಮನೆಯವನಿಗೆ ಆದದ್ದು. ಹಾಗಾಗಿ ನಿಜ.

ಅವನು ದೋಣಿ ಮೋಟಾರು ರಿಪೇರಿಯವನು. ಊರಿಗೆಲ್ಲ ತಣ್ಣಗಣ್ಣ. ಯಾರು ಯಾವ ಮೋಟಾರು ತಂದರೂ ಅವನ ಬಾಯಲ್ಲಿ ಮೊದಲು ಬರುವುದು ಒಂದೇ ಮಾತು: "ತಣ್ಣಗಾಗಲಿ ಬಿಡಿ, ಸರಿಹೋಗುತ್ತೆ." ಹೆಂಡತಿ ಮುನಿಸಿಕೊಂಡು ತವರಿಗೆ ಹೋದಾಗಲೂ ಅದನ್ನೇ ಅಂದ. ಅವಳಿನ್ನೂ ತಣ್ಣಗಾಗಿಲ್ಲ.

ಒಂದು ರಾತ್ರಿ ಅಕ್ಕನ ಮನೆಯಿಂದ ಟಾರ್ಚು ಹಿಡಿದುಕೊಂಡು ತಡವಾಗಿ ಹೊರಟ. ದಾರಿಯಲ್ಲಿ, ಹಳೇ ದೋಣಿಗಳನ್ನು ಮಗುಚಿ ಹಾಕಿರುವ ಜಾಗದ ಪಕ್ಕ ಒಂದು ಪಾಳುಬಾವಿ. ಗಾಳಿ ಇಲ್ಲ. ನಾಯಿ ಕೂಗಿಲ್ಲ. ಅವನ ಚಪ್ಪಲಿಯದೇ ಸದ್ದು, ಚಟ್... ಚಟ್...

ಬಾವಿ ಹತ್ತಿರ ಬಂದಾಗ ಕೇಳಿಸಿತು.

ಟುಗ್... ಟುಗ್... ಟುಗ್ ಟುಗ್...

ನಿಧಾನಕ್ಕೆ ಓಡುತ್ತಿರುವ ಮೋಟಾರು. ಹೊಳೆ ಕಡೆಯಿಂದಲ್ಲ... ಬಾವಿಯೊಳಗಿಂದ.

ತಾಯಿಗೆ ಮಗುವಿನ ಅಳು ಗೊತ್ತಾಗುವ ಹಾಗೆ ರಿಪೇರಿಯವನಿಗೆ ಮೋಟಾರಿನ ಸದ್ದು ಗೊತ್ತಾಗುತ್ತದೆ. ಅದು ಭಾವನ ಮೋಟಾರು. ಆದರೆ ಭಾವನ ಮೋಟಾರು ಇವನ ಅಂಗಡಿಯ ಮೂಲೆಯಲ್ಲಿ ಬಿದ್ದಿದೆ. ಭಾವ ಸತ್ತು ಮಣ್ಣಾಗಿದ್ದಾನೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀನು ಟೀ ಕುಡಿ, ಆರಿಹೋಗುತ್ತೆ.

ಅಕ್ಕನ ಗಂಡ, ಅಂದರೆ ಇವನ ಭಾವ, ಜನರನ್ನು ಹೊಳೆ ದಾಟಿಸುವವನು. ದೋಣಿ ಗಟ್ಟಿ, ಮೋಟಾರು ಮಾತ್ರ ಮುತ್ತಾತನ ವಯಸ್ಸಿನದು. ಒಂದು ಸಂಜೆ ದಡದಲ್ಲಿ ಹತ್ತು ಜನರೆದುರು ಭಾವ ಅಂದುಬಿಟ್ಟ: "ನಮ್ಮ ಭಾವಮೈದನ ಕೈಗುಣ ಕೇಳ್ತೀರಾ? ಕುಂಟೋ ಮೋಟಾರು ಕೊಟ್ಟರೆ ಮಲಗಿಸಿ ಕೊಡ್ತಾನೆ. ಹೆಂಡತಿ ತಮ್ಮ ಅಂತ ಸಹಿಸ್ಕೊಂಡಿದೀನಿ." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನೂ ಹಲ್ಲು ಬಿಟ್ಟು ನಕ್ಕ. ಒಳಗೊಳಗೇ ಹಲ್ಲು ಮಸೆದ.

ಮುಂದಿನ ಸಲ ಆ ಮೋಟಾರು ರಿಪೇರಿಗೆ ಬಂದಾಗ ಅದರ ಹಲ್ಲು ಕಿತ್ತ.

ಹಲ್ಲು ಅಂದರೆ, ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಕಾಯಿಲಿಗೆ ಹೋಗುವ ತಂತಿಯ ನಡುವೆ ಇರುವ ಬಿಳಿ ಪಿಂಗಾಣಿ ತುಂಡು. ನೋಡೋಕೆ ದವಡೆ ಹಲ್ಲಿನ ಹಾಗೆಯೇ, ಅದಕ್ಕೇ ಇವನ ಅಂಗಡಿಯಲ್ಲಿ ಆ ಹೆಸರು. ನುಗ್ಗಿ ಬರುವ ಕರೆಂಟನ್ನು ಅದು ಕಚ್ಚಿ ಹಿಡಿದು ಬೇಕಾದಷ್ಟೇ ಬಿಡುತ್ತದೆ. ಅದನ್ನು ಕಿತ್ತು ತಂತಿಗೆ ತಂತಿ ಸೇರಿಸಿದರೆ ಮೋಟಾರು ಹುಲಿಯಂತೆ ಓಡುತ್ತದೆ... ಸ್ವಲ್ಪ ದೂರ. ಆಮೇಲೆ ಕಾಯಿಲ್ ಅನ್ನುವುದು ಕಾದ ಕಾವಲಿ. ಕಿಡಿ ಸಾಯುತ್ತದೆ, ಮೋಟಾರು ನಿಲ್ಲುತ್ತದೆ. ಆರಿದ ಮೇಲೆ ಏನೂ ಆಗದ ಹಾಗೆ ಮತ್ತೆ ಓಡುತ್ತದೆ. ಭಾವ ನಡುನೀರಲ್ಲಿ ನಿಂತು, ಊರು ನೋಡುತ್ತಿರುವಾಗ ಬೆವರು ಸುರಿಸಿ ಹುಟ್ಟು ಹಾಕಿಕೊಂಡು ಬರಲಿ... ಇಷ್ಟೇ ಇವನ ಆಸೆ.

ಮೋಟಾರು ಒಂದೆರಡು ಸಲ ನಡುನೀರಲ್ಲಿ ನಿಂತ ಮೇಲೆ ಭಾವ ಅಂಗಡಿಗೆ ಬಂದ. "ಲೋ, ಕಾಯಿಲ್ ಮುಟ್ಟಿದ್ರೆ ಬೆರಳು ಬೇಯುತ್ತೆ. ನೋಡು, ಬೊಬ್ಬೆ ಎದ್ದಿದೆ."

ಇವನು ಪ್ಲಗ್ ಬಿಚ್ಚಿ ಉಜ್ಜಿದ. ತಂತಿಗಳನ್ನು ಎಳೆದೆಳೆದು ನೋಡಿದ. ಹಲ್ಲಿನ ಜಾಗವೊಂದು ಬಿಟ್ಟು ಎಲ್ಲ ಕಡೆ ನೋಡಿದ. "ನಿಂತಾಗ ಒದ್ದೆ ಬಟ್ಟೆ ಸುತ್ತಿ ಭಾವ. ತಣ್ಣಗಾಗಲಿ ಬಿಡಿ, ಸರಿಹೋಗುತ್ತೆ."

ಭಾವ ನಂಬಿದ.

ಹೊಳೆ ಕಡಲಿಗೆ ಬೀಳುವ ಕಡೆ, ನೀರು ಇಳಿಯುವ ಹೊತ್ತಿನಲ್ಲಿ ಮೋಟಾರು ನಿಂತಿತು. ಆ ಸೆಳೆತಕ್ಕೆ ಹುಟ್ಟು ಯಾವ ಲೆಕ್ಕ? ದೋಣಿ ಬಂಡೆಗೆ ಸಿಕ್ಕಿಕೊಂಡಿತ್ತು. ಭಾವ ಸಿಕ್ಕಿದ್ದು ಆಮೇಲೆ. ಮೋಟಾರಿನ ಮುಚ್ಚಳ ತೆಗೆದರೆ ಕಾಯಿಲಿಗೆ ಅಚ್ಚುಕಟ್ಟಾಗಿ ಒಂದು ಬಟ್ಟೆ ಸುತ್ತಿತ್ತು. ಭಾವ ತಲೆಗೆ ಕಟ್ಟುತ್ತಿದ್ದ ಬಟ್ಟೆ. ಪಾಪ, ತಣ್ಣಗಾಗಲಿ ಅಂತ ಕಾಯುತ್ತಾ ಕೂತಿದ್ದ.

ಇವನು ಕಿತ್ತ ಹಲ್ಲನ್ನು ತಂದು ಪಾಳುಬಾವಿಗೆ ಎಸೆದ. ಗುಳುಂ.

ಅಕ್ಕ ಮೋಟಾರನ್ನು ಇವನ ಅಂಗಡಿಗೇ ಕಳಿಸಿದಳು. ಆ ರಾತ್ರಿ ಮನೆಗೆ ಕರೆದು ಅಂದಳು, "ಅದು ಯಾಕೆ ನಿಲ್ತಿತ್ತು ಅಂತ ಹೇಳೋ. ಅಲ್ಲೀವರೆಗೂ ನನ್ನ ಹೊಟ್ಟೆಯುರಿ ಆರಲ್ಲ."

"ಹಳೇ ಮೋಟಾರು ಅಕ್ಕ. ಬೇರೆ ತಗೊಳ್ಳಿ ಅಂತ ಬಡ್ಕೊಂಡೆ. ಭಾವ ಮೊಂಡು, ಕೇಳಬೇಕಲ್ಲ?"

ಹೀಗೆ ಸತ್ತವನ ತಲೆಗೆ ಕಟ್ಟಿ ಎದ್ದು ಬಂದವನು... ಈಗ ಬಾವಿಯ ಪಕ್ಕ.

ಟುಗ್ ಟುಗ್... ಟುಗ್... ಪುಸ್.

ಸದ್ದು ನಿಂತಿತು. ಕಾಯಿಲ್ ಸುಟ್ಟಾಗ ಬರುವ ವಾರ್ನಿಶ್ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಬಾವಿಯ ತಳದಿಂದ ಯಾರೋ ಹಲ್ಲು ಮಸೆಯುವ ಸದ್ದು. ಕರ್ರ್... ಕರ್ರ್...

"ಭಾವಮೈದಾ..."

ಇವನು ಎರಡು ಹೆಜ್ಜೆ ಹಿಂದಕ್ಕಿಟ್ಟ.

"ಬಿಸಿಯಾಗಿದೆ ಕಣೋ."

ಅಭ್ಯಾಸಬಲ ನೋಡು. ಜೀವ ಬಾಯಿಗೆ ಬಂದಿದ್ದರೂ ಆ ಬಾಯಿ ತಾನೇ ತಾನಾಗಿ ಅಂದಿತು, "ತಣ್ಣಗಾಗಲಿ ಬಿಡಿ ಭಾವ..."

ಬಾವಿಯೊಳಗೆ ಹಲ್ಲು ಮಸೆಯುವ ಸದ್ದು ನಿಂತಿತು.

"ತಣ್ಣಗಾಗಿದೀನಲ್ಲ... ಇನ್ನೆಷ್ಟು ತಣ್ಣಗಾಗಲಿ?"

ಈ ಮಾತು ಬಾವಿಯಿಂದ ಬರಲಿಲ್ಲ. ಇವನ ಕಿವಿಯ ಹಿಂದಿನಿಂದ ಬಂತು.

"ಹಲ್ಲು ಕೊಡು."

"ನನ್ನತ್ರ ಇಲ್ಲ ಭಾವ... ಬಿಸಾಕಿಬಿಟ್ಟೆ..."

"ಬಾಯಿ ತೆಗಿ."

ಟಾರ್ಚು ಆರಿತು. ಮಂಜಿನಷ್ಟು ತಣ್ಣಗಿನ ಒದ್ದೆ ಬೆರಳು ತುಟಿಯ ಮೇಲೆ ಬಂದು ಕೂತಿತು. ತುದಿಯಲ್ಲಿ ಒಂದು ಬೊಬ್ಬೆ.

ಟಕ್.

ಬೆಳಿಗ್ಗೆ ಇವನಿಗೆ ಎಚ್ಚರವಾದದ್ದು ತನ್ನ ಅಂಗಡಿಯ ಮೆಟ್ಟಿಲ ಮೇಲೆ. ಒಳಗೆ ಟುಗ್ ಟುಗ್ ಅಂತ ಸದ್ದು. ನೀರು ತುಂಬಿದ ಡ್ರಮ್ಮಿಗೆ ಮೋಟಾರು ಸಿಕ್ಕಿಸಿದೆ, ತನ್ನ ಪಾಡಿಗೆ ತಾನು ಓಡುತ್ತಿದೆ. ಪಕ್ಕದಲ್ಲಿ ಅಕ್ಕ ನಿಂತಿದ್ದಾಳೆ. ಮುಚ್ಚಳ ತೆಗೆದು ಕಾಯಿಲ್ ಮೇಲೆ ಅಂಗೈ ಇಟ್ಟಿದ್ದಾಳೆ.

"ಆಗಿಂದ ಓಡ್ತಿದೆ ಕಣೋ, ಎಷ್ಟು ತಣ್ಣಗಿದೆ! ರಾತ್ರಿಯೆಲ್ಲ ಕೂತು ಸರಿಮಾಡಿದೀಯ. ಏನಾಗಿತ್ತು ಇದಕ್ಕೆ?"

ಇವನು ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ತಂತಿಯ ಕಡೆ ಹೋಯಿತು. ಅಕ್ಕನ ಕಣ್ಣೂ ಅಲ್ಲಿಗೇ ಹೋಯಿತು. ಎರಡು ತಂತಿಯ ನಡುವೆ ಬೆಳ್ಳಗೆ ಏನೋ ಇದೆ, ಚೊಕ್ಕವಾಗಿ ಬೆಸೆದಿದೆ. ಪಿಂಗಾಣಿಯಲ್ಲ. ಮೂರು ಬೇರಿನ ದವಡೆ ಹಲ್ಲು. ನಡುವೆ ಬೆಳ್ಳಿ ತುಂಬಿಸಿದ್ದು.

ಆ ಬೆಳ್ಳಿ ಅಕ್ಕನಿಗೆ ಗೊತ್ತು. ಹಲ್ಲಿನ ಡಾಕ್ಟರ ಹತ್ತಿರ ಇವನನ್ನು ಎಳೆದುಕೊಂಡು ಹೋಗಿದ್ದವಳು ಅವಳೇ.

ಚಿಕ್ಕವನಿದ್ದಾಗ ಇವನು ಸಕ್ಕರೆ ಕದ್ದು ತಿಂದರೆ ಅಕ್ಕ ಗಲ್ಲ ಹಿಡಿದು ಒಂದೇ ಮಾತು ಹೇಳುತ್ತಿದ್ದಳು. ಅದನ್ನೇ ಹೇಳಿದಳು.

"ಬಾಯಿ ತೆಗಿ."

ತೆಗೆದ. ದವಡೆಯಲ್ಲಿ ಸಂದು. ಗಾಯವಿಲ್ಲ, ರಕ್ತವಿಲ್ಲ, ಅಲ್ಲಿ ಹಲ್ಲೇ ಹುಟ್ಟಿರಲಿಲ್ಲವೇನೋ ಎನ್ನುವಷ್ಟು ನುಣುಪು. ಅದೇ ಬಾಯಿಂದ ಉಳಿದದ್ದನ್ನೆಲ್ಲ ಕಕ್ಕಿದ. ಅಕ್ಕ ಬೈಯಲಿಲ್ಲ, ಅಳಲಿಲ್ಲ. ಮೋಟಾರು ಹೊರಿಸಿಕೊಂಡು ಹೋಗಿ ದೋಣಿಗೆ ಕಟ್ಟಿಸಿದಳು. ಈಗ ಜನರನ್ನು ಹೊಳೆ ದಾಟಿಸುವವಳು ಅವಳೇ. ಎಂಥ ಸುಡುಬಿಸಿಲಲ್ಲೂ ಆ ಕಾಯಿಲ್ ಬಿಸಿಯಾಗುವುದಿಲ್ಲ.

ಬಿಸಿಯಾಗುವುದು ಇವನ ದವಡೆ.

ಅಲ್ಲಿ ಮೋಟಾರು ಓಡಿದಷ್ಟು ಹೊತ್ತು ಇಲ್ಲಿ ಇವನ ಸಂದು ಉರಿಯುತ್ತದೆ. ಹೋಗಿ ಅಕ್ಕನ ಕಾಲಿಗೆ ಬಿದ್ದ. "ಒಂದು ಗಳಿಗೆ ನಿಲ್ಲಿಸೇ ಅಕ್ಕ, ಸಾಯ್ತೀನಿ." ಅಕ್ಕ ನಕ್ಕಳಂತೆ. "ತಣ್ಣಗಾಗಲಿ ಬಿಡೋ, ಸರಿಹೋಗುತ್ತೆ."

ನಗಬೇಡ. ನಿಜ ಇದು. ನನ್ನಾಣೆ ಇಡಲ್ಲ, ಅದಕ್ಕೆ ಈ ಊರಲ್ಲಿ ಬೆಲೆ ಇಲ್ಲ. ಅಗೋ, ಮೂಲೆ ಬೆಂಚಿನಲ್ಲಿ ಟೀ ಮುಟ್ಟದೆ ಕೆನ್ನೆ ಹಿಡಿದುಕೊಂಡು ಕೂತಿದ್ದಾನಲ್ಲ, ಅವನೇ. ಈಗ ಹೊಳೆ ಕಡೆ ಕಿವಿ ಕೊಡು...

ಟುಗ್... ಟುಗ್... ಟುಗ್ ಟುಗ್...

ಇಷ್ಟು ಹೊತ್ತಿನಲ್ಲಿ ದಾಟುವವರು ಯಾರೂ ಇಲ್ಲ. ನಾನು ಹೋಗಿ ನೋಡಿದ್ದೇನೆ. ಖಾಲಿ ದೋಣಿಯಲ್ಲಿ ಅಕ್ಕ ಒಬ್ಬಳೇ. ಅತ್ತಿಂದಿತ್ತ, ಇತ್ತಿಂದತ್ತ.

ಏಳು, ಹೊರಡೋಣ. ನೀನು ಬಾವಿ ಕಡೆಯಿಂದ ತಾನೇ ಹೋಗುವುದು? ಹಾಗಾದರೆ ನನ್ನ ಟೀ ದುಡ್ಡೂ ಕೊಟ್ಟೇ ಹೋಗಪ್ಪ. ನಾಳೆ ನೀನು ಬರುತ್ತೀಯೋ ಇಲ್ಲವೋ.