ಹಳೇ ಡ್ರೈವರನ ತಪ್ಪು

ಸ್ಕೂಟರ್ ರಿಪೇರಿಗೆ ಬಿಟ್ಟು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದ ನರ್ಸಮ್ಮನ ಪಕ್ಕದಲ್ಲೇ ಗಂಡಹೆಂಡಿರಿಬ್ಬರು ಮಾತಾಡುತ್ತಿದ್ದರು. ಅವರ ಹಳೇ ಜೀಪು ಮಿಸ್ಸಿಂಗ್ ಹೊಡೆಯುತ್ತ, ದಿಬ್ಬ ಹತ್ತುವಾಗ ತಿಣುಕಿ ನಿಲ್ಲುತ್ತಿತ್ತಂತೆ. ಡೀಸೆಲ್ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆಯೆಂದು ಮೆಕ್ಯಾನಿಕ್ ಆಗಷ್ಟೇ ತೋರಿಸಿ ಹೋಗಿದ್ದ.

“ಹಾಗಾದ್ರೆ ನಾವು ಕೆಲಸದಿಂದ ತೆಗೆದ ಆ ಡ್ರೈವರ್ ಡೀಸೆಲ್ ಕದ್ದು ಸೀಮೆಎಣ್ಣೆ ಬೆರೆಸಿರ್ಲಿಲ್ಲ ಅಲ್ವೇನ್ರೀ?”

“ಇಲ್ಲ ಅಂತ ಕಾಣುತ್ತೆ.”

“ಮಗಳ ತಲೆ ಮುಟ್ಟಿ ಆಣೆ ಮಾಡಿದ, ಪಾಪ. ನೀವು ಬೀದಿಯವರ ಎದುರೇ ಕಳ್ಳ ಅಂದ್ರಿ.”

“ಮೊದ್ಲು ಅನುಮಾನ ಬಂದಿದ್ದು ಯಾರಿಗೆ? ನಿಂಗೆ.”

“ಅವನಿಗೆ ಎಲ್ಲೂ ಕೆಲಸ ಸಿಕ್ಕಿಲ್ವಂತೆ. ಒಂದು ಫೋನ್ ಮಾಡಿ ಕರೀರಿ.”

“ಕರೆದ್ರೆ ತಲೆ ಮೇಲೆ ಕೂರ್ತಾನೆ. ಹೋಗ್ಲಿ ಬಿಡು.”

“ಏನಾಗಿತ್ತು ಅಂತ ಹೊಸ ಡ್ರೈವರ್ ಕೇಳಿದ್ರೆ?”

“ಹಳಬನೇ ಹಾಳು ಮಾಡಿದ್ದ ಅನ್ನು. ಇವನಿಗೂ ಸ್ವಲ್ಪ ಭಯ ಇರುತ್ತೆ.”

ಹೆಂಡತಿ ಕೊಂಚ ಯೋಚಿಸಿದಳು. “ಅದೂ ಸರೀನೇ.”

ಪೈಪು ಬದಲಾಯಿಸಿದ ಮೇಲೆ ಜೀಪು ಹೊರಗೆ ಬಂತು. ಇಂಜಿನ್ ಈಗ ಒಂದೇ ಸಮನೆ ಓಡುತ್ತಿತ್ತು. ಅಷ್ಟು ಹೊತ್ತು ಚಹಾಕ್ಕೆ ಹೋಗಿದ್ದ ಹೊಸ ಡ್ರೈವರ್ ಬಂದು ಬಾಗಿಲು ತೆರೆದ.

“ಏನಾಗಿತ್ತಮ್ಮ ಗಾಡಿಗೆ?”

“ನಿನಗಿಂತ ಮುಂಚೆ ಇದ್ದನಲ್ಲಪ್ಪ, ಆ ಕಳ್ಳ ಸೀಮೆಎಣ್ಣೆ ಹಾಕಿದ್ದ,” ಎಂದಳು ಹೆಂಡತಿ, ಸೀಟಿನಲ್ಲಿ ಸರಿಯಾಗಿ ಕೂರುತ್ತ.

ನರ್ಸಮ್ಮ ಬೆಂಚಿನಿಂದ ಎದ್ದು ಬಾಯಿ ತೆರೆಯುವಷ್ಟರಲ್ಲಿ ಜೀಪು ಗೇಟು ದಾಟಿತ್ತು.